ಸಾವಿನ ಸುದ್ದಿಗೆ ‘ದಂಗಾದೆ’ ಅಂತ ಬರೆಯಬಹುದಾ?

ಪುಣೆಯ ಕನ್ನಡತಿ
ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಷಯಕ್ಕೆ ಮನೆಯಲ್ಲಿ ಬೈಸಿಕೊಂಡು ಬಂದಿದ್ದೇನೆ. ನಮ್ಮದು ಧಾರವಾಡ ಕಡೆ. ಆದರೆ ನಾನು ಹುಟ್ಟಿ ಬೆಳೆದದ್ದೆಲ್ಲ ಪುಣೆಯಲ್ಲಿ. ಕನ್ನಡ ಓದೋದು ಬರೆಯೋದು ಅಮ್ಮನ ಹತ್ತಿರ ಕಲಿತದ್ದು, ಶಾಲೆಯಲ್ಲಿ ಅಲ್ಲ.

ಹೋದ ವಾರ ನಮ್ಮ ಸೋದರಮಾವ ಹೃದಯಾಘಾತವಾಗಿ ತೀರಿಕೊಂಡರು. ಹಿಂದಿನ ರಾತ್ರಿ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಜೋಕು ಹಾಕಿದ್ದವರು. ಬೆಳಗ್ಗೆ ಎದ್ದು ನೋಡಿದರೆ ಎಲ್ಲರೂ ‘ಓಂ ಶಾಂತಿ’ ಅಂತ ಹಾಕುತ್ತಿದ್ದಾರೆ. ನನಗೂ ಅದನ್ನೇ ಒತ್ತೋಕೆ ಮನಸ್ಸು ಬರಲಿಲ್ಲ. ‘ಸುದ್ದಿ ಕೇಳಿ ದಂಗಾದೆ, ಇನ್ನೂ ನಂಬೋಕೆ ಆಗ್ತಿಲ್ಲ’ ಅಂತ ಬರೆದೆ. ಹತ್ತು ನಿಮಿಷಕ್ಕೆ ದೊಡ್ಡಪ್ಪನ ಫೋನು. ‘ಏನವಾ, ಜಾತ್ರ್ಯಾಗ ಸರ್ಕಸ್ ನೋಡಿದ್ಹಂಗ ದಂಗಾದೆ ಅಂತ ಬರದೀಯಲ್ಲ. ಸತ್ತ ಸುದ್ದಿಗೆ ಹಂಗ ಬರೀತಾರೇನು? ಮೊದ್ಲ ಅದನ್ನ ಅಳಸು.’

ಅಳಿಸಿದೆ. ಆದರೆ ಅರ್ಥ ಆಗಲಿಲ್ಲ. ದಂಗಾಗೋದು ಅಂದ್ರೆ ಶಾಕ್ ಆಗೋದು ತಾನೇ? ‘ಶಾಕ್ ಆಯ್ತು’ ಅಂತ ಇಬ್ಬರು ಬರೆದಿದ್ದರು, ಅವರಿಗೆ ಯಾರೂ ಏನೂ ಅನ್ನಲಿಲ್ಲ. ಸುಮ್ನೆ ದೊಡ್ಡಪ್ಪನ ಸಿಟ್ಟಾ ಅಥವಾ ನಿಜವಾಗಿಯೂ ತಪ್ಪು ಬರೆದೆನಾ? ತಿಳಿದವರು ಹೇಳಿ.

ಕಬ್ಬಿನಗದ್ದೆ
ಮೊದಲು ನಿಮ್ಮ ಮಾವನ ವಿಷಯ ಕೇಳಿ ಬೇಜಾರಾಯಿತು.

ದೊಡ್ಡಪ್ಪ ಹೇಳಿದ್ದು ಸರಿ ಅನ್ನಿಸುತ್ತೆ. ಯಾಕೆ ಅಂತ ಕೇಳಿದರೆ ಹೇಳೋಕೆ ಬರಲ್ಲ, ಕಿವಿಗೆ ಹಾಗೆ ಕೇಳಿಸುತ್ತೆ ಅಷ್ಟೇ. ನಮ್ಮ ಮಂಡ್ಯ ಕಡೆ ದಂಗಾಗೋದು ಅಂದ್ರೆ ಬಿಲ್ ನೋಡಿ, ಮದುವೆ ಛತ್ರದ ಬಾಡಿಗೆ ಕೇಳಿ, ಪಕ್ಕದ ಮನೆಯವನು ಸೈಟು ಮಾರಿದ ರೇಟು ಕೇಳಿ. ಸಾವಿಗೆ ಅಲ್ಲ.

ಕುಡ್ಲದ ಮಳೆ
ಮಂಗಳೂರಿನಲ್ಲಿ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ‘ದಂಗಾದೆ’ ಅಂದದ್ದು ನಾನು ಕೇಳಿಲ್ಲ ಮಾರ್ರೆ. ಪೇಪರಿನಲ್ಲಿ ಓದಿ ಗೊತ್ತು ಅಷ್ಟೇ. ನಾವು ‘ಒಮ್ಮೆಗೆ ಎಂತ ಮಾಡೂದು ಅಂತ್ಲೇ ಗೊತ್ತಾಗ್ಲಿಲ್ಲ’ ಅಂತೇವೆ. ಮನೆಯೊಳಗೆ ತುಳು, ಹೆದರಿಕೆಗೆ ‘ಪೋಡಿಗೆ’ ಅಂತ ಒಂದು ಪದ ಇದ್ದರೆ ಮುಕ್ಕಾಲು ಕೆಲಸ ಆಗ್ತದೆ.

ಹಳೇ ಹೆಡ್ಮಾಸ್ಟರ್
ಹಾಸನದ ಕಡೆಯ ನಿವೃತ್ತ ಕನ್ನಡ ಮೇಷ್ಟ್ರು ನಾನು. ಇದು ಕಿವಿಯ ಮಾತು ಅಂತ ಬಿಟ್ಟುಬಿಡಬೇಕಾಗಿಲ್ಲ, ಪರೀಕ್ಷೆ ಮಾಡಿ ನೋಡಬಹುದು.

ಪದವನ್ನು ಬೇರೆ ಬೇರೆ ವಾಕ್ಯಕ್ಕೆ ಹಾಕಿ ನೋಡಿ. ‘ಗಾಬರಿಯಾಗಬೇಡ’ ಅನ್ನುತ್ತೇವೆ. ‘ದಂಗಾಗಬೇಡ’ ಅಂತ ಯಾರಾದರೂ ಹೇಳುತ್ತಾರಾ? ಇಲ್ಲ. ಬೇಡ ಅನ್ನುವಷ್ಟರಲ್ಲಿ ಅದು ಆಗಿ ಮುಗಿದಿರುತ್ತದೆ. ‘ಸ್ವಲ್ಪ ಗಾಬರಿಯಾಯಿತು’ ಸರಿ. ‘ಸ್ವಲ್ಪ ದಂಗಾದೆ’ ಅಂದರೆ ಮಕ್ಕಳು ನಗುತ್ತವೆ. ‘ಮೂರು ದಿನ ಗಾಬರಿಯಲ್ಲೇ ಇದ್ದೆ’ ಸರಿ. ‘ಮೂರು ದಿನ ದಂಗಾಗಿದ್ದೆ’ ಅಂದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಅಂದರೆ ದಂಗು ಒಂದು ಗಳಿಗೆಯದು, ಪೂರ್ತಿಯದು. ಅರ್ಧಂಬರ್ಧ ಇಲ್ಲ, ಎಳೆದಾಡುವುದೂ ಇಲ್ಲ.

ಇನ್ನೊಂದು ಗಮನಿಸಿ, ಇದು ನನಗೆ ಬಹಳ ಇಷ್ಟದ ವಿಷಯ. ‘ನನಗೆ ಆಘಾತವಾಯಿತು’, ‘ನನಗೆ ದಿಗಿಲಾಯಿತು’, ‘ನನಗೆ ಶಾಕ್ ಆಯ್ತು’ ಇವೆಲ್ಲ ‘ನನಗೆ’. ಹೊರಗಿನಿಂದ ಏನೋ ನನ್ನ ಮೇಲೆ ಬಂದು ಬಿತ್ತು. ನಾನು ಪೆಟ್ಟು ತಿಂದವನು. ಆದರೆ ‘ನಾನು ದಂಗಾದೆ’, ‘ನಾನು ತಬ್ಬಿಬ್ಬಾದೆ’, ‘ನಾನು ಕಕ್ಕಾಬಿಕ್ಕಿಯಾದೆ’. ‘ನನಗೆ ದಂಗಾಯಿತು’ ಅಂತ ಕನ್ನಡದಲ್ಲಿ ಇಲ್ಲವೇ ಇಲ್ಲ. ಇಲ್ಲಿ ವಾಕ್ಯದ ಯಜಮಾನ ನಾನೇ. ನಾನು ಹೇಗಾದೆ, ನೋಡುವವರಿಗೆ ಹೇಗೆ ಕಂಡೆ, ಅದೇ ಸುದ್ದಿ. ಗಾಬರಿ ಮಾತ್ರ ಎರಡೂ ಕಡೆ ಓಡಾಡುತ್ತದೆ. ‘ನನಗೆ ಗಾಬರಿಯಾಯಿತು’ ಅಂತಲೂ ಅನ್ನಬಹುದು, ‘ಗಾಬರಿಯಾದೆ’ ಅಂತಲೂ ಅನ್ನಬಹುದು.

ಸಾವಿನ ಮನೆಗೆ ಬರೆಯುವ ಮಾತಿನಲ್ಲಿ ‘ನಾನು’ ಯಜಮಾನ ಆಗಿ ಕೂತರೆ ಹಿರಿಯರಿಗೆ ಚುಚ್ಚುತ್ತದೆ. ನಿಮ್ಮ ದೊಡ್ಡಪ್ಪನವರಿಗೆ ಚುಚ್ಚಿದ್ದು ಅದೇ ಇರಬೇಕು.

ಪುಣೆಯ ಕನ್ನಡತಿ
ಮೇಷ್ಟ್ರೇ, ‘ನನಗೆ’ ಮತ್ತು ‘ನಾನು’ ವಿಷಯ ಯಾವತ್ತೂ ತಲೆಗೆ ಹೊಳೆದಿರಲಿಲ್ಲ! ಆದರೆ ಒಂದು ಗೊಂದಲ. ಮರಾಠಿಯಲ್ಲೂ ‘ದಂಗ’ ಇದೆ. ನಮ್ಮ ಆಫೀಸಿನಲ್ಲಿ ಯಾರಾದರೂ ತಲೆ ಎತ್ತದೆ ಕೆಲಸ ಮಾಡುತ್ತಿದ್ದರೆ ‘ಕಾಮಾತ್ ದಂಗ ಆಹೇ’ ಅಂತಾರೆ. ಅಂದ್ರೆ ಮುಳುಗಿ ಹೋಗಿದ್ದಾನೆ, ಮೈಮರೆತಿದ್ದಾನೆ ಅಂತ. ಅದೇ ಪದಾನಾ ಇದು?

ಕಲಬುರಗಿ ಬಿಸಿಲು
ಅದೇ ಪದ. ಹಿಂದಿ ಉರ್ದುವಿನಲ್ಲಿ ‘ದಂಗ್ ರಹ್ ಗಯಾ’ ಅಂತಾರಲ್ಲ, ಮೂಲ ಫಾರಸಿ. ನಮ್ಮ ಕಡೆ 1948ರವರೆಗೆ ನಿಜಾಮರ ಆಳ್ವಿಕೆ, ಕಚೇರಿ ಕಾಗದವೆಲ್ಲ ಉರ್ದು. ನಮ್ಮ ಅಜ್ಜ ಕನ್ನಡ ಮಾತಾಡಿದರೂ ಲೆಕ್ಕ ಬರೆಯುತ್ತಿದ್ದದ್ದು ಉರ್ದುವಿನಲ್ಲಿ. ಹಾಗಾಗಿ ಇಂಥ ಪದಗಳು ನಮಗೆ ಪರದೇಶದವು ಅನ್ನಿಸೋದೇ ಇಲ್ಲ.

ಆದರೆ ಪದ ಊರು ಬಿಟ್ಟು ಊರಿಗೆ ಬಂದಾಗ ಅರ್ಥ ಅಲ್ಲೇ ಕೂತಿರಲ್ಲ ನೋಡ್ರಿ. ಇದಕ್ಕಿಂತ ಮಜದ ಉದಾಹರಣೆ ಹೈರಾಣ. ಉರ್ದುವಿನಲ್ಲಿ ‘ಹೈರಾನ್’ ಅಂದ್ರೆ ಆಶ್ಚರ್ಯಪಟ್ಟವನು, ಏನೂ ತೋಚದೆ ನಿಂತವನು. ಕನ್ನಡದಲ್ಲಿ ‘ಹೈರಾಣಾದೆ’ ಅಂದ್ರೆ? ಸುತ್ತಿ ಸುತ್ತಿ ಸುಸ್ತಾದೆ! ನಾನು ಚಿಕ್ಕವನಿದ್ದಾಗ ಪಕ್ಕದ ಮನೆಯ ಚಾಚಾ ‘ಮೈ ಹೈರಾನ್ ಹೋ ಗಯಾ’ ಅಂದರೆ ನಾನು ಅವರಿಗೆ ನೀರು ತಂದು ಕೊಡುತ್ತಿದ್ದೆ. ಪಾಪ, ಸುಮ್ಮನೆ ಕುಡಿಯುತ್ತಿದ್ದರು.

ಮರಾಠಿಯವರು ದಂಗ ಅನ್ನೋದನ್ನ ಮೈಮರೆಯೋ ಕಡೆಗೆ ಒಯ್ದರು, ನಾವು ಬಾಯಿ ಕಟ್ಟೋ ಕಡೆಗೆ ತಂದೆವು. ಎರಡರಲ್ಲೂ ಮನುಷ್ಯ ಸುತ್ತಲಿನದನ್ನ ಮರೆತಿರ್ತಾನೆ, ಅಲ್ವಾ?

ಮತ್ತೆ ‘ದಂಗೆ’ ಬೇರೆ. ಸಿಪಾಯಿ ದಂಗೆಯ ದಂಗೆ, ಗಲಾಟೆ. ಅದನ್ನೂ ಇದನ್ನೂ ಬೆರೆಸಬೇಡಿ. ಒಮ್ಮೆ ನನ್ನ ಮಗಳು ಪರೀಕ್ಷೆಯಲ್ಲಿ ‘ಜನರು ದಂಗಾದರು’ ಅನ್ನೋದಕ್ಕೆ ‘ಜನರು ಗಲಾಟೆ ಮಾಡಿದರು’ ಅಂತ ಅರ್ಥ ಬರೆದು ಬಂದಿದ್ದಳು.

ಡೆಸ್ಕಿನ ಕುರ್ಚಿ
ಪತ್ರಿಕೆಯೊಂದರಲ್ಲಿ ಇಪ್ಪತ್ತು ವರ್ಷ ಹೆಡ್ಡಿಂಗ್ ಕೊಡೋ ಕೆಲಸ ಮಾಡಿದವನು. ಈ ಪದವನ್ನ ಕೆಡಿಸಿದ ಪಾಪದಲ್ಲಿ ನನಗೂ ಪಾಲಿದೆ, ಒಪ್ಪಿಕೊಳ್ಳುತ್ತೇನೆ.

ದಂಗು ನಮಗೆ ಯಾಕೆ ಇಷ್ಟ ಗೊತ್ತಾ? ಎರಡೇ ಅಕ್ಷರ. ‘ಆಶ್ಚರ್ಯಚಕಿತರಾದರು’ ಒಂದು ಕಾಲಮ್ಮಿನಲ್ಲಿ ಹಿಡಿಸಲ್ಲ. ‘ದಂಗು’ ಎಲ್ಲಿ ಬೇಕಾದರೂ ತೂರುತ್ತೆ. ಕ್ರಿಯಾಪದವೂ ಬೇಡ. ‘ಕಂತೆ ಕಂತೆ ನೋಟು ಕಂಡು ಅಧಿಕಾರಿಗಳೇ ದಂಗು’. ಮುಗೀತು. ಲೋಕಾಯುಕ್ತ ದಾಳಿ ನಡೆದ ಮರುದಿನ ಎಷ್ಟು ಪೇಪರುಗಳಲ್ಲಿ ಇದನ್ನ ಓದಿದ್ದೀರಿ ನೆನಪು ಮಾಡಿಕೊಳ್ಳಿ. ಅದರಲ್ಲಿ ‘ಅಧಿಕಾರಿಗಳೇ’ ಅನ್ನೋ ಏಕಾರ ನೋಡಿ. ದಿನಾ ಇದನ್ನೇ ನೋಡುವವರೂ ಇಷ್ಟು ನೋಡಿರಲಿಲ್ಲ ಅಂತ ಅರ್ಥ. ದಂಗಿನ ಹಿಂದೆ ಯಾವಾಗಲೂ ಒಂದು ಲೆಕ್ಕ ಇರುತ್ತೆ. ಮನಸ್ಸಿನಲ್ಲಿ ನೂರು ಅಂದುಕೊಂಡಿದ್ದೆವು, ಬಂದದ್ದು ಸಾವಿರ.

ಕೊಲೆ, ದರೋಡೆಗೆ ‘ಬೆಚ್ಚಿಬಿದ್ದ’. ಊರಿನ ಹೆಸರು ಬ ಅಕ್ಷರದಿಂದ ಶುರುವಾದರೆ ಡೆಸ್ಕಿನಲ್ಲಿ ಹಬ್ಬ. ಬೆಂಗಳೂರು, ಬೆಳಗಾವಿ, ಬಳ್ಳಾರಿ, ಬೀದರ್ ಎಲ್ಲವೂ ಬೆಚ್ಚಿಬಿದ್ದಿವೆ. ತುಮಕೂರು ಅಷ್ಟಾಗಿ ಬೆಚ್ಚಿಬಿದ್ದಿಲ್ಲ, ಪ್ರಾಸ ಕೂಡಲ್ಲ. ಬೆಲೆ ಏರಿಕೆಗೆ ‘ಶಾಕ್’, ಅದರಲ್ಲೂ ವಿದ್ಯುತ್ ದರ ಏರಿದರೆ ಬೇರೆ ಹೆಡ್ಡಿಂಗ್ ಯೋಚಿಸಿದವನನ್ನೇ ವಿಚಿತ್ರವಾಗಿ ನೋಡ್ತಿದ್ದೆವು. ಗಣ್ಯರ ಸಾವಿಗೆ ‘ಆಘಾತ’, ಚಿಕ್ಕ ವಯಸ್ಸಿನವರಾದರೆ ‘ಬರಸಿಡಿಲು’.

2021ರ ಅಕ್ಟೋಬರ್ 29 ನೆನಪಿದೆ. ಪುನೀತ್ ರಾಜ್‌ಕುಮಾರ್ ಹೋದ ದಿನ. 46 ವರ್ಷ. ಡೆಸ್ಕಿನಲ್ಲಿ ಹೊಸದಾಗಿ ಸೇರಿದ್ದ ಹುಡುಗನೊಬ್ಬ ಅಭ್ಯಾಸಬಲದಿಂದ ‘ದಂಗಾದ ಅಭಿಮಾನಿಗಳು’ ಅಂತ ಟೈಪ್ ಮಾಡಿದ. ಯಾರೂ ಏನೂ ಹೇಳಲಿಲ್ಲ. ಅವನೇ ಅದನ್ನ ಒಂದು ಸಲ ನೋಡಿ, ಒಂದೊಂದೇ ಅಕ್ಷರ ಅಳಿಸಿ, ಎದ್ದು ಹೊರಗೆ ಹೋದ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಅದೇ.

ಕಬ್ಬಿನಗದ್ದೆ
ಪೇಪರಿನವರು ಬಂದಿದ್ದಾರೆ ಅಂದ ಮೇಲೆ ಒಂದು ದೂರು ಹೇಳಲೇಬೇಕು.

ನಮ್ಮ ಗದ್ದೆಯಲ್ಲಿ ಎರಡು ವರ್ಷದ ಹಿಂದೆ ಕಬ್ಬು ಕಡಿಯುವಾಗ ಚಿರತೆ ಮರಿ ಸಿಕ್ಕವು. ನಮ್ಮ ಕಡೆ ಇದು ಈಗ ಹೊಸದಲ್ಲ. ಕಬ್ಬು ಎತ್ತರಕ್ಕೆ ಬೆಳೆದು ತಿಂಗಳುಗಟ್ಟಲೆ ಯಾರೂ ಒಳಗೆ ಹೋಗಲ್ಲ, ಒಳಗೆ ತಂಪು, ಪಕ್ಕದಲ್ಲಿ ನಾಲೆ ನೀರು, ನಾಯಿ ಹಂದಿ ಸಿಗುತ್ತವೆ. ತಾಯಿ ಚಿರತೆಗೆ ಇದಕ್ಕಿಂತ ಹೆರಿಗೆ ಆಸ್ಪತ್ರೆ ಬೇಕಾ? ಅಪ್ಪ ಮುಂದಿನ ಸಾಲಿನಲ್ಲಿ ಕಡಿಯುತ್ತಿದ್ದರು. ತರಗಿನ ಮೇಲೆ ಬೆಕ್ಕಿನ ಮರಿ ಥರ ಮೂರು ಬಿದ್ದುಕೊಂಡಿದ್ದವು, ಕಣ್ಣು ಆಗಷ್ಟೇ ಬಿಟ್ಟಿದ್ದವು. ಬೆಕ್ಕು ಅಂತಲೇ ಅಪ್ಪ ಬಗ್ಗಿದ್ದು. ಮೈಮೇಲಿನ ಚುಕ್ಕೆ ನೋಡಿದ ಮೇಲೆ ಗೊತ್ತಾಯಿತು, ಇದರ ತಾಯಿ ಇಲ್ಲೇ ಎಲ್ಲೋ ಇದೆ ಅಂತ.

ಮಾರನೇ ದಿನ ಪೇಪರಿನಲ್ಲಿ ‘ಚಿರತೆ ಮರಿ ಕಂಡು ದಂಗಾದ ರೈತರು’. ಓದಿ ಹೇಳಿದ್ದಕ್ಕೆ ಅಪ್ಪ, ‘ದಂಗಾಗಕ್ಕೆ ಟೈಮ್ ಎಲ್ಲಿತ್ಲಾ? ಮಚ್ಚು ಬಿಸಾಕ್ಬುಟ್ಟು ಓಡ್ದೋ’ ಅಂದರು.

ನಮ್ಮಪ್ಪನ ಪ್ರಕಾರ ಅವರಿಗೆ ಆದದ್ದು ‘ಜೀವ ಬಾಯಿಗೆ ಬಂದದ್ದು’. ಅವ್ವನ ಪ್ರಕಾರ ‘ಹೌಹಾರಿದ್ದು’. ದಂಗಾದವನು ನಿಂತಲ್ಲೇ ನಿಲ್ಲುತ್ತಾನೆ. ಹೌಹಾರಿದವನು ಹಾರುತ್ತಾನೆ. ಅರಣ್ಯ ಇಲಾಖೆಯವರು ಬಂದು ಮರಿ ಅಲ್ಲೇ ಬಿಡಿ, ರಾತ್ರಿ ತಾಯಿ ಬಂದು ಎತ್ಕೊಂಡು ಹೋಗುತ್ತೆ ಅಂದರು. ಹಾಗೇ ಆಯಿತು. ಆ ರಾತ್ರಿ ಮನೆಯಲ್ಲಿ ಎಲ್ಲರಿಗೂ ಇದ್ದದ್ದು ದಿಗಿಲು. ಕದ ಹಾಕಿಕೊಂಡರೂ ದಿಗಿಲು, ನಾಯಿ ಬೊಗಳಿದರೂ ದಿಗಿಲು. ಇಷ್ಟೆಲ್ಲ ನಡೆದ ಮೇಲೆ ಎಲ್ಲದಕ್ಕೂ ಸೇರಿಸಿ ಒಂದೇ ‘ದಂಗು’ ಅಂತ ಹಾಕಿದರೆ ಹೇಗೆ ಸ್ವಾಮಿ?

ಡೆಸ್ಕಿನ ಕುರ್ಚಿ
ತಪ್ಪಾಯ್ತು. ನಿಮ್ಮ ತಂದೆಯವರನ್ನ ಡೆಸ್ಕಿಗೆ ಕಳಿಸಿಕೊಡಿ.

ಕುಡ್ಲದ ಮಳೆ
‘ಇದಕ್ಕಿಂತ ಹೆರಿಗೆ ಆಸ್ಪತ್ರೆ ಬೇಕಾ’ ಓದಿ ಬಸ್ಸಿನಲ್ಲಿ ಒಬ್ಬಳೇ ನಗಾಡಿದೆ, ಪಕ್ಕದವರು ನೋಡಿದರು.

ಒಂದು ಪ್ರಶ್ನೆ. ‘ಶಾಕ್ ಹೊಡೆಯಿತು’ ಮತ್ತು ‘ಶಾಕ್ ಆಯಿತು’ ಎರಡೂ ಹೇಗೆ ಬೇರೆಯಾಯಿತು? ವಾಷಿಂಗ್ ಮೆಷಿನ್ ಮುಟ್ಟಿದರೆ ಹೊಡೆಯುತ್ತದೆ, ರಿಪೇರಿಯವನು ರೇಟು ಹೇಳಿದಾಗ ಆಗುತ್ತದೆ. ಯಾರೂ ಹೇಳಿಕೊಡದೆ ಎಲ್ಲರೂ ಸರಿಯಾಗಿ ಹೇಳುತ್ತಾರೆ.

ಹಳೇ ಹೆಡ್ಮಾಸ್ಟರ್
ಒಳ್ಳೆ ಗಮನಿಕೆ. ಕನ್ನಡ ಪರದೇಶದ ಹೆಸರುಪದವನ್ನು ತಂದು ಅದಕ್ಕೆ ತನ್ನ ಕ್ರಿಯಾಪದ ಕಟ್ಟುತ್ತದೆ. ಕೆಲಸ ಮಾಡುವುದು ಆ ಬಾಲವೇ. ಆಗು, ಹೊಡೆ, ಬೀಳು, ಬಡಿ. ಮೈಗೆ ತಾಗಿದರೆ ಹೊಡೆ, ಮನಸ್ಸಿಗೆ ತಾಗಿದರೆ ಆಗು.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ಅದರ ದೀಪ ಬಂದದ್ದು 1905ರಲ್ಲಿ. ನಮ್ಮ ತಾತ ಅಂಥ ಕಂಬವನ್ನು ಮುಟ್ಟಲು ಹೆದರುತ್ತಿದ್ದರಂತೆ, ‘ಕರೆಂಟ್ ಹಿಡಿಯುತ್ತೆ’ ಅನ್ನುತ್ತಿದ್ದರಂತೆ. ನೋಡಿ, ಅವರಿಗೆ ಅದು ಹೊಡೆಯುವುದೂ ಅಲ್ಲ, ಹಿಡಿಯುವುದು. ದೆವ್ವ ಹಿಡಿದ ಹಾಗೆ.

ಅದೇ ದಾರಿಯಲ್ಲಿ ಇನ್ನೊಂದು ನೆನಪಾಯಿತು. ‘ಗರ ಬಡಿದವನ ಹಾಗೆ ನಿಂತ’ ಅನ್ನುತ್ತೇವೆ. ಗರ ಅಂದರೆ ಗ್ರಹ, ಅದರ ತದ್ಭವ. ಗ್ರಹ ಬಂದು ಬಡಿಯಿತು, ಮನುಷ್ಯ ಅಲ್ಲೇ ನಿಂತ. ದಂಗು ಕೂಡ ‘ಬಡಿ’ಯ ಜೊತೆ ಬರುತ್ತದೆ, ದಂಗುಬಡಿದ ಅಂತ. ಪದ ಫಾರಸಿ ಆದರೂ ಕನ್ನಡಕ್ಕೆ ಬಂದ ಮೇಲೆ ಗರದ ಪಕ್ಕದಲ್ಲಿ ಕೂತುಕೊಂಡಿತು. ‘ಸ್ತಂಭೀಭೂತನಾದ’ ಅಂತ ಹಳಬರು ಬರೆಯುತ್ತಿದ್ದರು. ಸ್ತಂಭದ ತದ್ಭವ ಕಂಬ. ಹಳ್ಳಿಯ ಅಜ್ಜಿ ‘ಕಂಬ ನಿಂತಂಗೆ ನಿಂತ’ ಅಂದರೂ ಚಿತ್ರ ಒಂದೇ. ಅವಾಕ್ಕಾಗುವುದು ಅಂದರೆ ವಾಕ್ಕು ಇಲ್ಲದವನಾಗುವುದು, ಮಾತು ಹೋಗುವುದು. ದಿಗ್ಭ್ರಮೆಯಲ್ಲಿ ಹೋಗುವುದು ದಿಕ್ಕು.

ಆರು ತಿಂಗಳ ಅಮ್ಮ
ಮಗು ಮಲಗಿದೆ, ಹತ್ತು ನಿಮಿಷ ಸಿಕ್ಕಿದೆ, ಅದಕ್ಕೆ ಬೇಗ ಬರೆಯುತ್ತೇನೆ.

ಬೆಚ್ಚಿಬೀಳೋದು ಅನ್ನೋ ಪದ ನನಗೆ ಅರ್ಥವಾದದ್ದೇ ಮಗು ಹುಟ್ಟಿದ ಮೇಲೆ. ಮೊದಲ ತಿಂಗಳು ಹೀಗೆ ತೊಟ್ಟಿಲಲ್ಲಿ ಮಲಗಿಸಿ ಕೈ ತೆಗೆದರೆ ಸಾಕು, ಎರಡೂ ಕೈ ಅಗಲಿಸಿ, ಬೆರಳು ಬಿಡಿಸಿ, ಬೀಳ್ತಾ ಇದ್ದೀನೇನೋ ಅನ್ನೋ ಹಾಗೆ ಗಾಳಿಯನ್ನ ತಬ್ಬಿಕೊಳ್ಳೋದು, ಆಮೇಲೆ ಅಳು. ನನಗೆ ಗಾಬರಿ. ಅತ್ತೆ ‘ಮಗು ಬೆಚ್ಚುತ್ತೆ’ ಅಂತ ತೊಟ್ಟಿಲ ಕೆಳಗೆ ಕಬ್ಬಿಣದ ತುಂಡು ಇಟ್ಟರು. ಡಾಕ್ಟರು ನಕ್ಕು, ಎಲ್ಲ ಮಕ್ಕಳಿಗೂ ಇರುತ್ತೆ, ಮೋರೋ ರಿಫ್ಲೆಕ್ಸ್ ಅಂತಾರೆ, ನಾಲ್ಕರಿಂದ ಆರು ತಿಂಗಳಲ್ಲಿ ತಾನೇ ಹೋಗುತ್ತೆ, ಇಲ್ಲದಿದ್ದರೆ ನಾವು ಚಿಂತೆ ಮಾಡಬೇಕು ಅಂದರು. ಈಗ ಹೋಗಿದೆ. ಅತ್ತೆಯ ಪ್ರಕಾರ ಕಬ್ಬಿಣದಿಂದ ಹೋಯಿತು.

ಹೇಳಬೇಕಾದ್ದು ಏನಂದ್ರೆ ಬೆಚ್ಚೋದಕ್ಕೆ ಬುದ್ಧಿ ಬೇಡ. ಹುಟ್ಟಿದ ದಿನವೇ ಬರುತ್ತೆ. ಆದರೆ ನನ್ನ ಮಗು ದಂಗಾಗೋದು ಇನ್ನೂ ನೋಡಿಲ್ಲ, ಅದಕ್ಕೆ ಮೊದಲು ಲೆಕ್ಕ ಗೊತ್ತಿರಬೇಕಲ್ಲ, ಮೇಲೆ ಹೇಳಿದ ಹಾಗೆ ನೂರು ಅಂದುಕೊಂಡು ಸಾವಿರ... ಎದ್ದಿತು, ಹೋಗ್ತೀನಿ.

ಹಳೇ ಹೆಡ್ಮಾಸ್ಟರ್
ತಾಯಿ, ನೀವು ಹತ್ತು ನಿಮಿಷದಲ್ಲಿ ಹೇಳಿದ್ದನ್ನ ನಾನು ಮೂವತ್ತು ವರ್ಷ ಹೇಳಿಕೊಡಲಿಲ್ಲ.

ಬೆಚ್ಚು ಅಪ್ಪಟ ನಮ್ಮದೇ ಪದ. ಹಳಗನ್ನಡದಲ್ಲಿ ಬೆರ್ಚು. ಪೆರ್ಚು ಹೆಚ್ಚು ಆದ ಹಾಗೆ ಬೆರ್ಚು ಬೆಚ್ಚು ಆಯಿತು. ಮಲೆನಾಡಿನಲ್ಲಿ ಗದ್ದೆಗೆ ನಿಲ್ಲಿಸುವ ಹುಲ್ಲಿನ ಬೊಂಬೆಗೆ ಬೆರ್ಚಪ್ಪ ಅನ್ನುತ್ತಾರೆ, ಹಕ್ಕಿಯನ್ನು ಬೆಚ್ಚಿಸುವ ಅಪ್ಪ. ಊರೆಲ್ಲ ಮರೆತ ರಕಾರವನ್ನು ಅವನೊಬ್ಬ ಇಟ್ಟುಕೊಂಡು ನಿಂತಿದ್ದಾನೆ. ‘ಬೆಚ್ಚಗೆ ಮಲಗು’ ಅನ್ನುವ ಬೆಚ್ಚಗೆ ಬೇರೆ, ಅದು ಬಿಸಿಯ ಬೆಚ್ಚಗೆ.

ಹುಬ್ಬಳ್ಳಿಯಾಂವ
ಎಲ್ಲರೂ ಸೇರಿ ದೊಡ್ಡಪ್ಪನ್ನ ಗೆಲ್ಲಿಸಿಬಿಟ್ಟಿರಿ. ನನ್ನದು ತಕರಾರು ಅದ.

ನಾನೂ ಅದೇ ಸೀಮೆಯವನು, ಹುಬ್ಬಳ್ಳಿ ಧಾರವಾಡ ಎಷ್ಟು ದೂರ? ನಮ್ಮಲ್ಲಿ ಸಾವಿಗೂ ಈ ಪದ ಬಳಸುತ್ತೇವೆ. ‘ಸುದ್ದಿ ಕೇಳಿ ಆಕಿ ದಂಗ ಬಡದ್ಹಂಗ ಕುಂತ್ಲು’ ಅನ್ನೋ ಮಾತು ನಮ್ಮವ್ವನ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಅಲ್ಲಿ ಸರ್ಕಸ್ಸೂ ಇಲ್ಲ, ನೋಟಿನ ಕಂತೆಯೂ ಇಲ್ಲ. ಅಳು ಬರುವುದಕ್ಕೂ ಮೊದಲಿನ ಸ್ಥಿತಿ ಅದು. ಆಕೆ ಅಳಲಿ ಅಂತ ಹೆಂಗಸರು ಸುತ್ತ ಕೂತು ಮಾತಾಡಿಸುತ್ತಾರೆ, ‘ಅಳವಾ, ಅತ್ತಬಿಡು’ ಅಂತಾರೆ. ಅದಕ್ಕೆ ಬೇರೆ ಪದ ಯಾವುದು ಕೊಡುತ್ತೀರಿ? ಆಘಾತ ಅಂತೀರಾ? ಆಘಾತ ಪೇಪರಿನವರ ಪದ. ಶ್ರದ್ಧಾಂಜಲಿ ಬ್ಯಾನರಿನ ಪದ. ನಮ್ಮ ಓಣಿಯಲ್ಲಿ ಯಾರಿಗೂ ಆಘಾತ ಆಗಿಲ್ಲ, ಎಲ್ಲರ ‘ಎದಿ ಧಸಕ್’ ಅಂದಿದೆ.

ಫಾರಸಿ ಆಗಲಿ ಮರಾಠಿ ಆಗಲಿ, ಪೇಪರಿನವರು ಬಿಲ್ಲಿಗೂ ಚಿನ್ನಕ್ಕೂ ಹಚ್ಚಿ ಹಚ್ಚಿ ಅದನ್ನ ಹಗುರ ಮಾಡಿದ್ದಾರೆ. ತಪ್ಪು ಪದದ್ದಲ್ಲ.

ಡೆಸ್ಕಿನ ಕುರ್ಚಿ
ಎರಡನೇ ಸಲ ತಪ್ಪಾಯ್ತು. ಆದರೆ ಒಂದು ಮಾತು. ನಿಮ್ಮ ವಾಕ್ಯದಲ್ಲಿ ‘ಆಕಿ’ ಇದ್ದಾಳೆ. ನಿಮ್ಮವ್ವ ‘ನಾ ದಂಗಾದೆ’ ಅಂತ ಸಾವಿನ ಮನೆಯಲ್ಲಿ ಹೇಳಿದ್ದು ಕೇಳಿದ್ದೀರಾ?

ಹುಬ್ಬಳ್ಳಿಯಾಂವ
ಯೋಚನೆ ಮಾಡಿದೆ. ಅವ್ವನಿಗೂ ಫೋನ್ ಮಾಡಿ ಕೇಳಿದೆ. ‘ನಮಗ ನಾವ ಹಂಗ ಅಂದ್ಕೋತೀವೇನೋ? ಕಂಡವ್ರು ಹೇಳಬೇಕು ಅದನ್ನ’ ಅಂದಳು. ಆಮೇಲೆ ಯಾರು ಸತ್ತರು ಅಂತ ಹತ್ತು ನಿಮಿಷ ವಿಚಾರಿಸಿದಳು.

ಕಲಬುರಗಿ ಬಿಸಿಲು
ಅವ್ವನ ಮಾತು ಸರಿ ಐತಿ. ಇನ್ನೂ ಒಂದು ಫರಕು ಕಾಣ್ತದ. ‘ದಂಗಾದೆ’ ಬೇರೆ, ‘ದಂಗ ಬಡದ್ಹಂಗ’ ಬೇರೆ. ‘ಹಂಗ’ ಅನ್ನೋದು ಸೇರಿದ ಕೂಡಲೇ ಹಗುರತನ ಹೋಗಿಬಿಡ್ತದ. ಬಿಲ್ ನೋಡಿ ಯಾರೂ ‘ದಂಗು ಬಡಿದ ಹಾಗೆ’ ಕೂರಲ್ಲ. ಹಾಗೆ ಕೂತರೆ ಬಿಲ್ ನಿಜವಾಗಿಯೂ ದೊಡ್ಡದಿತ್ತು ಅಂತ.

ಕುಡ್ಲದ ಮಳೆ
ಹಾಗಾದರೆ ಬೆರಗಾದೆ? ಅದನ್ನು ಕೆಟ್ಟ ಸುದ್ದಿಗೆ ಹಾಕಲಿಕ್ಕೇ ಆಗುವುದಿಲ್ಲ ಅಲ್ವಾ?

ಹಳೇ ಹೆಡ್ಮಾಸ್ಟರ್
ಆಗುವುದಿಲ್ಲ. ಬೆರಗು ಕಣ್ಣಿಗೆ ಸೇರಿದ್ದು, ಬೆರಗುಗಣ್ಣು ಅಂತಲೇ ಇದೆ, ಜೋಗದ ಎದುರು ನಿಂತ ಮಗುವಿನ ಮುಖ. ವಚನಕಾರರು ಬೆರಗು, ನಿಬ್ಬೆರಗು ಎರಡನ್ನೂ ಅನುಭಾವದ ಮಾತಿಗೆ ತೆಗೆದುಕೊಂಡು ಹೋದರು. ಅಷ್ಟು ಎತ್ತರಕ್ಕೆ ಹೋದ ಪದವನ್ನು ಕೆಟ್ಟ ಸುದ್ದಿಗೆ ಇಳಿಸುವುದು ಕಷ್ಟ. ಒಬ್ಬ ಹುಡುಗ ಪ್ರಬಂಧದಲ್ಲಿ ‘ಅಜ್ಜಿ ಸತ್ತಾಗ ನಾನು ಬೆರಗಾದೆ’ ಅಂತ ಬರೆದಿದ್ದ. ಕೆಂಪು ಪೆನ್ನು ಹಿಡಿದು ಕೂತೆ, ತಪ್ಪು ಅಂತ ಹಾಕಲೂ ಇಲ್ಲ, ಸರಿ ಅಂತ ಹಾಕಲೂ ಇಲ್ಲ. ಸಾವನ್ನು ಮೊದಲ ಸಲ ನೋಡಿದ ಹುಡುಗ, ಬೆರಗೇ ಆಗಿದ್ದರೂ ಆಗಿರಬಹುದು.

ಕಬ್ಬಿನಗದ್ದೆ
ಹಂಗಾದ್ರೆ ಆ ಮೆಸೇಜಿನಲ್ಲಿ ಏನು ಬರೆಯಬೇಕಿತ್ತು? ಅದನ್ನ ಯಾರೂ ಹೇಳಲೇ ಇಲ್ಲವಲ್ಲ.

ಹುಬ್ಬಳ್ಳಿಯಾಂವ
‘ಮಾಮಾ ನಿನ್ನೆ ರಾತ್ರಿ ಜೋಕ್ ಹಾಕಿದ್ರು’ ಅಂತ. ಅಷ್ಟ ಸಾಕಿತ್ತು.

ಪುಣೆಯ ಕನ್ನಡತಿ
ಹದಿನೈದು ದಿನ ಆಯಿತು, ಉತ್ತರ ಕೊಡೋಕೆ ಆಗಿರಲಿಲ್ಲ. ಧಾರವಾಡಕ್ಕೆ ಹೋಗಿ ಬಂದೆ. ನೀವೆಲ್ಲ ಬರೆದದ್ದನ್ನ ಬಸ್ಸಿನಲ್ಲಿ ಅಮ್ಮನಿಗೆ ಓದಿ ಹೇಳಿದೆ. ಚಿರತೆಯ ಕಥೆಗೆ ನಕ್ಕಳು, ಮಾವ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಮಾವನ ಮನೆಯಲ್ಲಿ ಅತ್ತೆ ಅಡುಗೆಮನೆಯ ಬಾಗಿಲ ಹತ್ತಿರ ಕೂತಿದ್ದರು. ದೊಡ್ಡಪ್ಪನೂ ಬಂದಿದ್ದರು, ಹೊರಗಿನ ಖೋಲಿಯಲ್ಲಿ ಕುರ್ಚಿಯ ಮೇಲೆ. ನಾನು ಅತ್ತೆಯ ಪಕ್ಕ ಕೂತೆ, ಏನು ಮಾತಾಡಬೇಕು ಅಂತ ತಿಳೀಲಿಲ್ಲ. ಅವರೇ ಶುರು ಮಾಡಿದರು. ಆ ದಿನ ಬೆಳಗ್ಗೆ ಮಾವ ವಾಕಿಂಗ್ ಹೋಗಿದ್ದರಂತೆ. ಫೋನು ಬಂದಾಗ ಇವರು ಹಾಲು ಕಾಯಿಸೋಕೆ ಇಟ್ಟಿದ್ದರು.

‘ಫೋನ್ ಬಂತು ನೋಡು, ನಾ ಇಲ್ಲೇ ದಂಗ ಬಡದ್ಹಂಗ ಕುಂತಬಿಟ್ಟೆ. ಹಾಲು ಉಕ್ಕಾಕತ್ತಿತ್ತು. ಕಣ್ಣಿಗೆ ಕಾಣಾಕತ್ತಿತ್ತು ನನಗ. ಕಟ್ಟಿ ಮ್ಯಾಲಿಂದ ಕೆಳಗ ಸುರದು ಸುರದು ನನ್ನ ಕಾಲ್ತನಕ ಬಂತು. ಎದ್ದು ಗ್ಯಾಸ್ ಆರಸಬೇಕು ಅನ್ನೂದು ತಿಳೀವಲ್ದು.’

ಹೊರಗೆ ದೊಡ್ಡಪ್ಪನಿಗೆ ಎಲ್ಲವೂ ಕೇಳಿಸುತ್ತ ಇತ್ತು. ನಾನು ತಿರುಗಿ ನೋಡಿದೆ. ಅವರು ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ಕರೆದು, ಪುಣೆ ಬಸ್ಸು ಎಷ್ಟಕ್ಕೆ ಅಂತ ಕೇಳಿದರು.